ಎ9 ರಸ್ತೆಯ ಸುಂಕ

ಓಮಂತೈ ಹತ್ತಿರ ಬರುತ್ತಿದ್ದಂತೆ ಎದುರು ಸೀಟಿನ ಈರುಳ್ಳಿ ವ್ಯಾಪಾರಿ ಕಿಟಕಿಯಾಚೆ ಬೆರಳು ತೋರಿಸಿದರು. "ಇಲ್ಲೇ ತಂಬಿ. ಲಾರಿಯ ಸಾಮಾನನ್ನೆಲ್ಲ ಇಳಿಸಿ, ಮೂಟೆ ಮೂಟೆಗೂ ಕಂಬಿ ಚುಚ್ಚಿಸಿ, ಇನ್ನೊಂದು ಲಾರಿಗೆ ಹೇರಬೇಕಿತ್ತು. ಮಳೆ ಬಂದರೆ ಈರುಳ್ಳಿ ಅಲ್ಲೇ ಮೊಳಕೆ."

ಹೊರಗೆ ಕುರುಚಲು ಕಾಡು, ಕೆಮ್ಮಣ್ಣು, ದೂರದಲ್ಲೊಂದು ಕೆರೆ. ಶ್ರೀಲಂಕಾದ ಅಂತರ್ಯುದ್ಧದಲ್ಲಿ ಸರ್ಕಾರದ ನೆಲ ಮುಗಿದು ಎಲ್‌ಟಿಟಿಇ ಹುಲಿಗಳ ನೆಲ ಶುರುವಾಗುತ್ತಿದ್ದ ಜಾಗ ಇದು ಎಂದು ಯಾರಾದರೂ ಹೇಳದೆ ತಿಳಿಯುವುದಿಲ್ಲ. 2002ರ ಕದನ ವಿರಾಮದಲ್ಲಿ ಕ್ಯಾಂಡಿಯಿಂದ ಜಾಫ್ನಾಕ್ಕೆ ಹೋಗುವ ಎ9 ಹೆದ್ದಾರಿ ತೆರೆದುಕೊಂಡಾಗ, ದಕ್ಷಿಣದಿಂದ ಹೊರಟ ಲಾರಿ ಮೊದಲು ಓಮಂತೈಯಲ್ಲಿ ಸೇನೆಯ ತಪಾಸಣೆ ಮುಗಿಸಬೇಕಿತ್ತು. ಸ್ವಲ್ಪ ಮುಂದೆ ಎಲ್‌ಟಿಟಿಇಯ ಸುಂಕದ ಕಟ್ಟೆ. ಅಲ್ಲಿಂದ ವನ್ನಿಯ ಕಾಡು ದಾಟಿ ಮುಹಮಾಲೈಯಲ್ಲಿ ಮತ್ತೆ ಸೇನೆ. 2006ರ ಆಗಸ್ಟಿನಲ್ಲಿ ರಸ್ತೆ ಪುನಃ ಮುಚ್ಚಿತು.

"ಇಯಕ್ಕದವರು ರಸೀದಿ ಕೊಡುತ್ತಿದ್ದರು" ಎಂದರು ವ್ಯಾಪಾರಿ. ಉತ್ತರದಲ್ಲಿ ಎಲ್‌ಟಿಟಿಇಯನ್ನು ಹೆಚ್ಚಿನವರು ಕರೆಯುವುದು ಹಾಗೆಯೇ, ಇಯಕ್ಕಂ. "ಅಚ್ಚುಕಟ್ಟಾಗಿ ಮುದ್ರಿಸಿದ ರಸೀದಿ. ಸೋಪಿಗಿಷ್ಟು, ಸಿಮೆಂಟಿಗಿಷ್ಟು. ಲಂಚ ಮಾತ್ರ ಒಂದು ಪೈಸೆ ಇಲ್ಲ."

ಹಾಗಾದರೆ ನಿಮಗೆ ಎರಡು ಸರ್ಕಾರಗಳ ತೆರಿಗೆ ಬಿತ್ತಲ್ಲ ಎಂದೆ. ಅವರು ನಕ್ಕುಬಿಟ್ಟರು. "ನನಗ್ಯಾಕೆ ಬೀಳುತ್ತದೆ? ಕಿಲೋದ ಮೇಲೆ ಹಾಕಿದೆ. ಕೊಂಡವರು ಕಟ್ಟಿದರು."

ಊರಿಗೆ ಮರಳಿದ ಮೇಲೆ ಮತ್ತೆ ಮತ್ತೆ ನೆನಪಾಗುವುದು ಈ ಮಾತು. ಯುದ್ಧದ ಬಗ್ಗೆ ಓದುವಾಗ ನಮಗೆ ಸಿಗುವುದು ಯಾರು ಗೆದ್ದರು, ಯಾರು ದ್ರೋಹ ಬಗೆದರು ಎಂಬ ಕತೆ. ಸುಂಕವನ್ನು ಮುಂದಿನವರ ಮೇಲೆ ಹಾಕುತ್ತ ಹಾಕುತ್ತ ಕೊನೆಗೆ ಅದು ಯಾರ ತಲೆಯ ಮೇಲೆ ಇಳಿಯಿತು ಎಂಬುದನ್ನು ಬರೆದವರು ಕಡಿಮೆ.

ನಾನು ಹೋದದ್ದು ಇತಿಹಾಸ ನೋಡಲಿಕ್ಕೆ ಅಲ್ಲ. ನಮ್ಮದು ಸುಳ್ಯದ ಕಡೆ. ಅಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ತಮಿಳರನ್ನು ನಮ್ಮೂರವರು ಈಗಲೂ ಸಿಲೋನಿನವರು ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ಟೀ ತೋಟಗಳಿಗೆ ಹೋದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು. ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಹೊಸ ಪೌರತ್ವ ಕಾನೂನು ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಕೂತು ಹಂಚಿಕೊಂಡರು: 5,25,000 ಮಂದಿ ಭಾರತಕ್ಕೆ, 3,00,000 ಸಿಲೋನಿಗೆ, ಉಳಿದವರ ಪಾಲು ಆಮೇಲೆ. ತಲೈಮನ್ನಾರಿನಿಂದ ಹಡಗು, ಮಂಡಪಂ ಕ್ಯಾಂಪು, ಅಲ್ಲಿಂದ ಕೆಲವರು ನಮ್ಮ ತಾಲೂಕಿಗೆ. ಶಾಲೆಯಲ್ಲಿ ನನ್ನ ಬೆಂಚಿನ ಗೆಳೆಯ ಆ ಕಾಲನಿಯವನು, ನನಗೆ ಬರುವ ಅಷ್ಟಿಷ್ಟು ತಮಿಳು ಅವನದೇ. ಅವನ ತಂದೆಗೆ ಈಗ ಕಣ್ಣು ಮಂದ. ನಾನು ಲಂಕೆಗೆ ಹೋಗುತ್ತೇನೆಂದು ತಿಳಿದು ಕರೆಸಿಕೊಂಡರು. ಅವರ ಚಿಕ್ಕಪ್ಪ ಭಾರತಕ್ಕೆ ಬರಲಿಲ್ಲ. 1977ರ ಗಲಭೆಯಲ್ಲಿ ಹ್ಯಾಟನ್ ಹತ್ತಿರದ ಲೈನ್ ಮನೆ ಸುಟ್ಟಮೇಲೆ, ತಮಿಳರ ಸೀಮೆಯಲ್ಲಾದರೂ ಬದುಕೋಣವೆಂದು ಕಿಳಿನೊಚ್ಚಿಗೆ ಹೋದರಂತೆ. ಚಿಕ್ಕಪ್ಪನ ಮಗಳು ಬದುಕಿದ್ದಾಳೆಂದು ಯಾರೋ ಹೇಳಿದ್ದಾರೆ. "ನೋಡಿ ಬನ್ನಿ ಸಾರ್, ಅಷ್ಟು ಸಾಕು" ಎಂದರು. ಒಂದು ಕುಟುಂಬದ ಒಂದು ಕೊಂಬೆ ಸುಳ್ಯಕ್ಕೆ, ಇನ್ನೊಂದು ಯುದ್ಧದ ನಡುವಿಗೆ.

ಜಾಫ್ನಾದಲ್ಲಿ ನಾನು ಉಳಿದದ್ದು ನಿವೃತ್ತ ಗಣಿತ ಮೇಷ್ಟ್ರೊಬ್ಬರ ಮನೆಯಲ್ಲಿ. ಊರೆಲ್ಲ ಅವರನ್ನು ಮಾಸ್ಟರ್ ಎನ್ನುತ್ತದೆ. ತಾಳೆಗರಿಯ ಬೇಲಿ, ಬೇಲಿಯೊಳಗೆ ಬಾವಿ, ಮಾವು, ನುಗ್ಗೆ, ಶೆಡ್ಡಿನಲ್ಲಿ ನನ್ನ ಪ್ರಾಯಕ್ಕಿಂತ ಹಳೆಯ ಮಾರಿಸ್ ಮೈನರ್. ಬೆಳಿಗ್ಗೆ ಪುಟ್ಟು, ಸೊದಿ. ಮಧ್ಯಾಹ್ನ ಕೆಂಪು ಕುಚ್ಚಲಕ್ಕಿ ಅನ್ನ ಬಡಿಸಿದಾಗ ನಾನು ಊರಿನಲ್ಲೇ ಇದ್ದೇನೋ ಎನ್ನಿಸಿತು. ಎರಡನೆಯ ಸಂಜೆ ಒಡಿಯಲ್ ಕೂಳ್ ಮಾಡಿದ್ದರು: ತಾಳೆಯ ಮೊಳಕೆಯನ್ನು ಒಣಗಿಸಿ ಬೀಸಿದ ಹಿಟ್ಟು, ಏಡಿ, ಮೀನು, ಹಲಸಿನ ಬೀಜ, ಹುಣಸೆ, ಒಣಮೆಣಸು, ಎಲ್ಲ ಒಂದೇ ಹಂಡೆಯಲ್ಲಿ ಕುದಿದದ್ದು. ಬೆವರುತ್ತ ಕುಡಿಯಬೇಕು. ಮಾಸ್ಟರ್ ಅಕ್ಕ, ಎಂದರೆ ಅವರ ಹೆಂಡತಿ, ಮತ್ತೆ ಮತ್ತೆ ಬಡಿಸಿದರು. "ತೊಂಬತ್ತರ ನಂತರ ಏಡಿ ಇಲ್ಲದ ಕೂಳೇ ಎಷ್ಟೋ ದಿನ. ಮೀನುಗಾರರಿಗೆ ಕಡಲಿಗಿಳಿಯಲು ಬಿಡುತ್ತಿರಲಿಲ್ಲವಲ್ಲ."

1990ರಿಂದ ಐದು ವರ್ಷ ಜಾಫ್ನಾ ಪರ್ಯಾಯ ದ್ವೀಪ ಹುಲಿಗಳ ಕೈಯಲ್ಲಿತ್ತು. ಕೊಲಂಬೊ ಅದಕ್ಕೆ ದಿಗ್ಬಂಧನ ಹಾಕಿತು. ವಿದ್ಯುತ್ ಇಲ್ಲ. ಪೆಟ್ರೋಲ್, ಬ್ಯಾಟರಿ, ಸಿಮೆಂಟ್, ಯೂರಿಯಾ ನಿಷೇಧ, ಸೀಮೆಎಣ್ಣೆ ಹನಿ ಲೆಕ್ಕ. ಜಾಮ್ ಬಾಟಲಿಯೊಳಗೆ ಹತ್ತಿ ಇಟ್ಟು, ಅದಕ್ಕೆ ತೊಟ್ಟಿಕ್ಕಿಸಿದ ಸೀಮೆಎಣ್ಣೆಯಲ್ಲಿ ಮಕ್ಕಳು ಪರೀಕ್ಷೆಗೆ ಓದಿದರು. ಸೈಕಲನ್ನು ಸ್ಟ್ಯಾಂಡಿಗೇರಿಸಿ ಒಬ್ಬ ಪೆಡಲ್ ತುಳಿದರೆ ಡೈನಮೋದಿಂದ ರೇಡಿಯೋ ನಡೆಯುತ್ತಿತ್ತು, ಸುತ್ತ ಕೂತವರು ಬಿಬಿಸಿ ತಮಿಳು ವಾರ್ತೆ ಕೇಳುತ್ತಿದ್ದರು. ಮಾರಿಸ್ ಮೈನರಿಗೆ ನಾಲ್ಕು ಹನಿ ಪೆಟ್ರೋಲ್ ಮೂಗಿಗೆ ಹಾಕಿ ಎಬ್ಬಿಸಿ, ಆಮೇಲೆ ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದುದನ್ನು ಮಾಸ್ಟರ್ ಬಾನೆಟ್ ಎತ್ತಿ ತೋರಿಸಿದರು. 2022ರಲ್ಲಿ ಲಂಕೆ ಹೊರದೇಶದ ಸಾಲ ತೀರಿಸಲಾಗದೆ ಕೈಚೆಲ್ಲಿ, ಕೊಲಂಬೊದವರು ಪೆಟ್ರೋಲಿಗೆ ಹಗಲುರಾತ್ರಿ ಸಾಲು ನಿಂತಾಗ ದಕ್ಷಿಣದ ಗೆಳೆಯರೊಬ್ಬರು ಅವರಿಗೆ ಫೋನ್ ಮಾಡಿದರಂತೆ, ಸೀಮೆಎಣ್ಣೆಯಲ್ಲಿ ಕಾರು ಓಡಿಸುವುದು ಹೇಗೆ ಎಂದು ಕೇಳಲಿಕ್ಕೆ. ಆ ಕತೆಯನ್ನು ಹೇಳುವಾಗ ಮಾಸ್ಟರ್ ಮುಖದಲ್ಲಿ ಕಂಡದ್ದು ಸಂತೋಷವೇ, ಅದನ್ನು ಬೇರೆ ಏನೆಂದೂ ಬರೆಯಲಾರೆ.

ದಿಗ್ಬಂಧನದ ದಿನಗಳಲ್ಲಿ ಹುಲಿಗಳೂ ಸುಮ್ಮನಿರಲಿಲ್ಲ. ಮನೆಗೆ ಎರಡು ಪವನು ಚಿನ್ನ ಕೇಳಿದರು. ಜಾಫ್ನಾ ಬಿಟ್ಟು ಹೋಗಬೇಕೆಂದರೆ ಅವರ ಪಾಸ್ ಬೇಕು. ಪಾಸಿಗೆ ಹಣ, ಇಲ್ಲವೇ ಹಿಂದೆ ಉಳಿಯುವ ಒಬ್ಬ ನೆಂಟನ ಜಾಮೀನು. ಮಾಸ್ಟರ್ ಅವರ ಮೂವರು ಮಕ್ಕಳೂ ಈಗ ಟೊರಾಂಟೊದಲ್ಲಿದ್ದಾರೆ. ಹೇಗೆ ಕಳಿಸಿದಿರಿ ಎಂದು ಕೇಳಿದೆ. "ದೊಡ್ಡವನಿಗೆ ಹದಿನಾರಾದಾಗ ಹೊಲ ಮಾರಿ ಏಜೆಂಟಿಗೆ ಕೊಟ್ಟೆ. ಅವನು ಅಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದು ತಮ್ಮಂದಿರನ್ನು ಕರೆಸಿಕೊಂಡ." ಸ್ವಲ್ಪ ಸುಮ್ಮನಿದ್ದು, "ಮಾರಲಿಕ್ಕೆ ನನ್ನ ಹತ್ತಿರ ಹೊಲವಿತ್ತು" ಎಂದರು.

ಆ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳು ಹೊಸವು. ಗ್ರಾನೈಟ್ ನೆಲ, ಎತ್ತರದ ಗೇಟು, ಗೇಟಿಗೆ ಬೀಗ. ಯಜಮಾನರು ಕೆನಡಾ, ಇಂಗ್ಲೆಂಡ್, ಸ್ವಿಟ್ಜರ್ಲೆಂಡಿನಲ್ಲಿ. ನಲ್ಲೂರು ಕಂದಸ್ವಾಮಿಯ ಉತ್ಸವಕ್ಕೆ ಬಂದು ಬಾಗಿಲು ತೆರೆದು ಮತ್ತೆ ಹೋಗುತ್ತಾರೆ. ಯುದ್ಧ ನಡೆಯುವಾಗ ಹೊರದೇಶದ ಸಂಬಳದ ಒಂದು ಪಾಲು ಇಯಕ್ಕಕ್ಕೆ ಹೋಗುತ್ತಿತ್ತು, ಕೆಲವರು ಮನಸಾರೆ ಕೊಟ್ಟರು, ಕೆಲವರ ಮನೆ ಬಾಗಿಲಿಗೆ ವಸೂಲಿಯವರು ಬಂದರು. ಆ ಹಣದಲ್ಲಿ ಬಂದೂಕು ಬಂತು, ಹಡಗು ಬಂತು, ಬಾಂಬು ಹಾಕುವ ಪುಟ್ಟ ವಿಮಾನಗಳೂ ಬಂದವು. ಬಂದೂಕು ಹಿಡಿಯುವ ಕೈಗಳನ್ನು ಮಾತ್ರ ಹೊರದೇಶದಿಂದ ತರಲಾಗುವುದಿಲ್ಲ, ಅವು ಇಲ್ಲೇ ಉಳಿದವರ ಮನೆಗಳಿಂದ ಬರಬೇಕು.

ಜಾಫ್ನಾದ ಸಾರ್ವಜನಿಕ ಗ್ರಂಥಾಲಯ ನೋಡಿದೆ. 1981ರ ಮೇ ಕೊನೆಯ ರಾತ್ರಿ ಸುಟ್ಟುಹೋದದ್ದು ಸುಮಾರು 97,000 ಪುಸ್ತಕ ಮತ್ತು ಹಸ್ತಪ್ರತಿಗಳು. ಹೊಸ ಕಟ್ಟಡ ಬೆಳ್ಳಗೆ, ಹಳೆಯದರ ಪಡಿಯಚ್ಚಿನ ಹಾಗಿದೆ. ಒಳಗೆ ಹುಡುಗಿಯರು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದರು. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಊರಿನ ಇನ್ನೊಂದು ಮಗ್ಗುಲಲ್ಲಿರುವ ಸೋನಗರ್ ಬೀದಿ. ಅಲ್ಲಿ ಮಾಡಿಲ್ಲದ ಮನೆಗಳು, ಗೋಡೆಯೊಳಗಿಂದ ಎದ್ದ ಅರಳಿ ಗಿಡಗಳು. 1990ರ ಅಕ್ಟೋಬರ್ 30ರಂದು ಹುಲಿಗಳು ಜಾಫ್ನಾದ ಮುಸ್ಲಿಮರನ್ನು ಮೈದಾನಕ್ಕೆ ಕರೆದು, ಎರಡು ಗಂಟೆಯೊಳಗೆ ಊರು ಬಿಡಿ ಎಂದರು. ಒಡವೆ, ಹಣ ಅಲ್ಲೇ ಬಿಚ್ಚಿಟ್ಟು ಹೋಗಬೇಕು. ಆ ತಿಂಗಳಲ್ಲಿ ಇಡೀ ಉತ್ತರ ಪ್ರಾಂತದಿಂದ 70,000ಕ್ಕೂ ಹೆಚ್ಚು ಮುಸ್ಲಿಮರು ಹೊರಬಿದ್ದರು, ಬಹಳಷ್ಟು ಜನ ಪುತ್ತಲಂನ ಶಿಬಿರಗಳಲ್ಲಿ ಮುದುಕರಾದರು. ತಮಿಳೇ ಮಾತಾಡುವ ಜನ. ಮರಳಿ ಬಂದ ಟೈಲರ್ ಒಬ್ಬರು ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದರು: "ಅವರು 95ರಲ್ಲಿ ಹೋದರಲ್ಲ, ಅದೂ ಅದೇ ತಾರೀಕು."

ನಿಜ. 1995ರ ಅಕ್ಟೋಬರ್ 30ರ ಸಂಜೆ, ಸೇನೆ ಹತ್ತಿರ ಬಂದಾಗ, ಹುಲಿಗಳು ಇಡೀ ಜಾಫ್ನಾಕ್ಕೆ ಊರು ಖಾಲಿ ಮಾಡಲು ಹೇಳಿದರು. ಸುರಿಯುವ ಮಳೆಯಲ್ಲಿ ಲಕ್ಷಾಂತರ ಜನ ನಾವಟ್ಕುಳಿಯ ಇಕ್ಕಟ್ಟಾದ ಸೇತುವೆಯ ಮೇಲೆ ರಾತ್ರಿಯಿಡೀ ನಡೆದರು. ಸುಳ್ಯಕ್ಕೆ ಜನರನ್ನು ಕಳಿಸಿದ ಶಾಸ್ತ್ರಿ–ಸಿರಿಮಾ ಒಪ್ಪಂದಕ್ಕೆ ಸಹಿ ಬಿದ್ದದ್ದೂ 1964ರ ಅಕ್ಟೋಬರ್ 30. ಕಾಕತಾಳೀಯ ಅಷ್ಟೆ, ಆದರೆ ಈ ದ್ವೀಪದ ಪಂಚಾಂಗದಲ್ಲಿ ಆ ದಿನ ಗಂಟುಮೂಟೆ ಕಟ್ಟುವ ದಿನ.

ಭಾರತೀಯನಾದವನಿಗೆ ಜಾಫ್ನಾದಲ್ಲಿ ತಪ್ಪಿಸಿಕೊಳ್ಳಲಾಗದ ಮಾತು ಇನ್ನೊಂದಿದೆ. 1987ರ ಜುಲೈ 29ರ ಒಪ್ಪಂದದಂತೆ ನಮ್ಮ ಶಾಂತಿ ಪಾಲನಾ ಪಡೆ ಬಂದಿಳಿದಾಗ ಇದೇ ಜನ ಹಾರ ಹಾಕಿದ್ದರು. ಮೂರು ತಿಂಗಳು ತುಂಬುವುದರೊಳಗೆ ಯುದ್ಧ ಹುಲಿಗಳಿಗೂ ನಮಗೂ ನಡುವೆ. ಅಕ್ಟೋಬರ್ 21, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. 1990ರ ಮಾರ್ಚಿನಲ್ಲಿ ಪಡೆ ಮರಳುವ ಹೊತ್ತಿಗೆ ನಮ್ಮವರೂ ಸಾವಿರಕ್ಕೂ ಮಿಕ್ಕಿ ಸತ್ತಿದ್ದರು. ನಮ್ಮ ಕಡೆ ಈ ಯುದ್ಧವೆಂದರೆ ನೆನಪಿರುವುದು ರಾಜೀವ್ ಗಾಂಧಿ ಹತ್ಯೆಯಾದ ಶ್ರೀಪೆರುಂಬುದೂರು, ಆಮೇಲೆ 1991ರ ಆಗಸ್ಟಿನಲ್ಲಿ ಶಿವರಾಸನ್ ಮತ್ತು ಸಂಗಡಿಗರ ಹೆಣ ಸಿಕ್ಕ ಕೋಣನಕುಂಟೆಯ ಮನೆ. ಮಾಸ್ಟರ್ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಗಡಿಯಾರ ನೋಡಿಕೊಂಡರೇ ಹೊರತು ಏನೂ ಹೇಳಲಿಲ್ಲ. ಅತಿಥಿ ಸತ್ಕಾರ ಎಂದರೆ ಇದು.

ಅದೇ ಮಾಸ್ಟರ್, ನಾನು ಕಿಳಿನೊಚ್ಚಿಗೆ ಹೋಗುವ ಕಾರಣ ಹೇಳಿದಾಗ ಮುಖ ಸಣ್ಣಗೆ ಮಾಡಿದರು. "ಮಲೈಯಗದವರಾ? ಅವರೆಲ್ಲ ತೋಟದಿಂದ ಕೂಲಿಗೆ ಬಂದವರು." ಒಳಗಿನಿಂದ ಅಕ್ಕ ಕೂಡ, ಅವರಿಗೆ ಜಮೀನು ಯಾರು ಕೊಡುತ್ತಾರೆ ಎಂದು ದನಿಗೂಡಿಸಿದರು. ಹೊಲ ಮಾರಿ ಮಗನನ್ನು ಕಳಿಸಿದ ಆ ಮನುಷ್ಯನ ದುಃಖ ಸುಳ್ಳಲ್ಲ. ಆದರೆ ಹುಲಿಗಳು ಕೇಳಿದ ಪ್ರತ್ಯೇಕ ದೇಶ ತಮಿಳು ಈಳಂ ಬಂದಿದ್ದರೂ ಅದರಲ್ಲಿ ಒಬ್ಬರು ಹೊಲದ ಯಜಮಾನರಾಗಿಯೂ ಇನ್ನೊಬ್ಬರು ಕೂಲಿಯಾಗಿಯೂ ಇರುತ್ತಿದ್ದರು ಎನ್ನುವುದು ಆ ಊಟದ ಮನೆಯಲ್ಲಿ ನನಗೆ ಸ್ಪಷ್ಟವಾಯಿತು.

ಕಿಳಿನೊಚ್ಚಿಗೆ ಹೊರಟ ಬಸ್ಸು ದಕ್ಷಿಣಕ್ಕೆ ತಿರುಗಿ ಮುಹಮಾಲೈ ದಾಟುವಾಗ ತಲೆಯಿಲ್ಲದ ತಾಳೆಮರಗಳು ಕಂಡವು. ಶೆಲ್ ಬಿದ್ದು ಸುಳಿ ಹೋದ ಮರ ಮತ್ತೆ ಚಿಗುರುವುದಿಲ್ಲ, ಕಂಬದಂತೆ ನಿಂತಿರುತ್ತದೆ. ಬಂಕರಿಗೆ ಮಾಡು ಮಾಡಲು ಎರಡೂ ಕಡೆಯವರು ಕಡಿದ ತಾಳೆಗಂತೂ ಲೆಕ್ಕವಿಲ್ಲ. ಕೆಂಪು ಹಲಗೆಯ ಮೇಲೆ ಬುರುಡೆಯ ಚಿತ್ರ, ಅದರಾಚೆ ಮುಖಕ್ಕೆ ಗಾಜಿನ ಕವಚ ಹಾಕಿಕೊಂಡು ಮಂಡಿಯೂರಿ ನೆಲಬಾಂಬು ಹೆಕ್ಕುವ ಹೆಂಗಸರು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರಿಗೆ ತಿಂಗಳ ಸಂಬಳದ ಮೊದಲ ಕೆಲಸ ಇದೇ ಎಂದು ಪಕ್ಕದ ಸೀಟಿನವರು ಹೇಳಿದರು.

ಎಲಿಫೆಂಟ್ ಪಾಸ್‌ನಲ್ಲಿ ಉಪ್ಪಿನ ಗದ್ದೆ, ಗಾಳಿ, ಮತ್ತು ದಕ್ಷಿಣದಿಂದ ಬಂದ ಶಾಲಾ ಮಕ್ಕಳ ಬಸ್ಸುಗಳು. ತುಕ್ಕು ಹಿಡಿದ ಕವಚದ ಬುಲ್ಡೋಜರ್ ಒಂದನ್ನು ಸ್ಮಾರಕ ಮಾಡಿದ್ದಾರೆ. 1991ರಲ್ಲಿ ಹುಲಿಗಳು ಅದನ್ನು ಸೇನಾ ಶಿಬಿರಕ್ಕೆ ನುಗ್ಗಿಸಿದಾಗ ಹಸಲಕದ ಗಾಮಿನಿ ಕುಲರತ್ನ ಎಂಬ ಸೈನಿಕ ಅದರ ಮೇಲೇರಿ ಗ್ರೆನೇಡ್ ಎಸೆದು ಸತ್ತ. 2000ದ ಏಪ್ರಿಲಿನಲ್ಲಿ ಅದೇ ಶಿಬಿರ ಹುಲಿಗಳ ವಶವಾದಾಗ, ಗೆರಿಲ್ಲಾ ಗುಂಪೊಂದು ಸೇನೆಯಂತೆಯೇ ನಿಂತು ಕಾದಾಡಬಲ್ಲದು ಎಂದು ಜಗತ್ತು ಬೆರಗಾಯಿತು. ಅಲ್ಲಿಂದ ಒಂಬತ್ತು ವರ್ಷಕ್ಕೆ ಆ ಗುಂಪೇ ನೆಲಸಮ. 2004ರಲ್ಲಿ ಪೂರ್ವದ ಸೇನಾನಿ ಕರುಣಾ ಒಡೆದು ಹೋದ, ಅವನೊಂದಿಗೆ ಸಾವಿರಾರು ಹೋರಾಟಗಾರರೂ. ಆಯುಧ ತುಂಬಿದ ಹಡಗುಗಳನ್ನು ನೌಕಾಪಡೆ ನಡುಗಡಲಿನಲ್ಲಿ ಮುಳುಗಿಸಿತು. 1983ರಲ್ಲಿ ಸುಮಾರು 12,000 ಜನರಿದ್ದ ಲಂಕೆಯ ಸೇನೆ 2009ಕ್ಕೆ ಎರಡು ಲಕ್ಷ ಮುಟ್ಟಿತ್ತು. ಒಬ್ಬರ ಬಳಿ ಜನ ಮುಗಿಯುತ್ತ ಬಂದರು, ಇನ್ನೊಬ್ಬರ ಬಳಿ ಬರುತ್ತಲೇ ಇದ್ದರು.

ಕಿಳಿನೊಚ್ಚಿ ಹುಲಿಗಳ ರಾಜಧಾನಿಯಾಗಿತ್ತು. ಅವರ ನ್ಯಾಯಾಲಯ, ಪೊಲೀಸು, ಬ್ಯಾಂಕು, ಎಲ್ಲ ಇಲ್ಲಿದ್ದವು. 2009ರ ಜನವರಿ 2ರಂದು ಸೇನೆ ಒಳಗೆ ಬಂದಾಗ ಸಿಕ್ಕಿದ್ದು ಖಾಲಿ ಊರು. ಈಗ ರಸ್ತೆಯ ಎರಡೂ ಬದಿಗೆ ಬ್ಯಾಂಕುಗಳು, ಲೀಸಿಂಗ್ ಕಂಪನಿಗಳು, ಬಡ್ಡಿ ಅಂಗಡಿಗಳು. ನಡುವೆ ಒಂದು ದೊಡ್ಡ ಕಾಂಕ್ರೀಟ್ ಘನ, ಅದನ್ನು ಸೀಳಿ ನುಗ್ಗಿದ ಗುಂಡು, ನೆತ್ತಿಯ ಮೇಲೆ ತಾವರೆ: ವಿಜಯದ ಸ್ಮಾರಕ.

ನಾನು ಹುಡುಕಿ ಬಂದ ಚಿಕ್ಕಪ್ಪನ ಮಗಳು, ಆ ಅಕ್ಕ, ಸಿಕ್ಕಿದರು. ಊರಿನಿಂದ ಆಟೊದಲ್ಲಿ ಅರ್ಧ ಗಂಟೆ, ಕಾಲುವೆಯ ಬದಿಯಲ್ಲಿ ತಗಡಿನ ಮನೆ. ನಮ್ಮ ರಬ್ಬರ್ ಟ್ಯಾಪರ್ ಅಜ್ಜನದೇ ಹಣೆ, ಅದೇ ಗದ್ದ. ಸುಳ್ಯದಿಂದ ತಂದ ಫೋಟೋ ಕೊಟ್ಟೆ. ದೊಡ್ಡಪ್ಪನ ಮಗನ ಬಿಳಿ ಗಡ್ಡ ನೋಡಿ, "ಅಣ್ಣನಿಗೆ ವಯಸ್ಸಾಗಿಬಿಟ್ಟಿದೆ" ಎಂದು ಗದರಿಸುವವರ ಹಾಗೆ ಹೇಳಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಅಲ್ಲಿ ಅವರಿಗೆ ಮನೆಯ ಪತ್ರ ಉಂಟಾ?"

ಮನೆಯ ಪತ್ರದ ಕತೆಯೇ ಅವರ ಕತೆ. 1977ರಲ್ಲಿ ಬಂದ ತಂದೆತಾಯಿ ಯಾರದೋ ಗದ್ದೆಯಲ್ಲಿ ದುಡಿದರು, ಆ ಗದ್ದೆಯ ಅಂಚಿನಲ್ಲೇ ಗುಡಿಸಲು. ಜಮೀನು ಕೊನೆಗೂ ಹೆಸರಿಗೆ ಬರಲಿಲ್ಲ. ಹುಲಿಗಳ ಆಡಳಿತದಲ್ಲಿ ಕಳ್ಳತನವಿರಲಿಲ್ಲ, ಹೆಂಗಸರು ರಾತ್ರಿಯೂ ಓಡಾಡಬಹುದಿತ್ತು ಎಂದು ಅವರು ಮೆಚ್ಚಿಯೇ ಹೇಳಿದರು. ಆಮೇಲೆ ಅದೇ ಉಸಿರಿನಲ್ಲಿ: "ಮನೆಗೊಬ್ಬರು ಎಂದರು. ದುಡ್ಡಿದ್ದವರು ಮಕ್ಕಳನ್ನು ಮೊದಲೇ ದಾಟಿಸಿದ್ದರು. ನಾವು ಮಗಳಿಗೆ ಹದಿನೇಳಕ್ಕೇ ಮದುವೆ ಮಾಡಿದೆವು, ಮದುವೆಯಾದವರನ್ನು ಬಿಡುತ್ತಾರೆಂದು. ಮಗನನ್ನು ಗೊಬ್ಬರದ ಗುಂಡಿಯಲ್ಲಿ ಅಡಗಿಸಿದೆ. ಬಂದರು, ಎಳೆದುಕೊಂಡು ಹೋದರು." ತರಬೇತಿ ಎಷ್ಟು ದಿನ ಎಂದು ಕೇಳಿದರೆ ಬೆರಳು ಮಡಚಿ ಎಣಿಸಿ, ಎಣಿಸುವಷ್ಟು ದಿನವೂ ಇರಲಿಲ್ಲ ಎಂದು ಕೈ ಕೊಡವಿದರು.

2009ರ ಆ ತಿಂಗಳುಗಳನ್ನು ಅವರು ತಾರೀಕಿನಿಂದಲ್ಲ, ಊರುಗಳಿಂದ ಹೇಳುತ್ತಾರೆ. ಧರ್ಮಪುರಂ, ವಿಶುವಮಡು, ಉಡೈಯಾರ್‌ಕಟ್ಟು, ಪುದುಕ್ಕುಡಿಯಿರುಪ್ಪು, ಮುಳ್ಳಿವಾಯ್ಕಾಲ್. ಒಂದೊಂದು ಊರಿನಲ್ಲೂ ಬಂಕರ್ ತೋಡುವುದು, ಸೀರೆಯಲ್ಲಿ ಮರಳು ತುಂಬಿ ಅದರ ಬಾಯಿಗೆ ಪೇರಿಸುವುದು. ಸರ್ಕಾರ ಗುಂಡು ಹಾರಿಸುವುದಿಲ್ಲವೆಂದು ಸಾರಿದ ವಲಯದ ಮೇಲೂ ಶೆಲ್ ಬಿತ್ತು, ಆಸ್ಪತ್ರೆಗಳ ಮೇಲೂ ಬಿತ್ತು. ಹೊರಗೆ ಓಡಲು ಹೋದವರಿಗೆ ಹುಲಿಗಳು ಗುಂಡಿಟ್ಟರು. ಕೊನೆಗೆ ಕಡಲಿಗೂ ನಂದಿಕಡಲ್ ಹಿನ್ನೀರಿಗೂ ನಡುವಿನ ಒಂದು ಮರಳ ಪಟ್ಟಿಯಲ್ಲಿ ಲಕ್ಷಾಂತರ ಜನ. ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ, ಆ ಕೊನೆಯ ಹಂತದಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದು ಎಂದಿತು. ಅಕ್ಕ ಹೇಳಿದ್ದು ಸಂತೆಯ ಮಾತು: "ಒಂದು ಪವನು ಕೊಟ್ಟು ಮೊಮ್ಮಗುವಿಗೆ ಹಾಲಿನ ಪುಡಿ ತಂದೆ. ಅಲ್ಲಿಯೂ ಮಾರುವವರಿದ್ದರು ತಂಬಿ."

ಮೇ 18ರಂದು ವಟ್ಟುವಾಗಲ್ ಸೇತುವೆ ದಾಟಿದರು. ಇಯಕ್ಕದಲ್ಲಿ ಒಂದು ದಿನ ಇದ್ದವರೂ ಹೆಸರು ಕೊಡಿ, ವಿಚಾರಿಸಿ ಬಿಡುತ್ತೇವೆ ಎಂದು ಸೇನೆಯವರು ಮೈಕಿನಲ್ಲಿ ಕೂಗಿದರಂತೆ. ಮಗ ಹೇಗೋ ಬದುಕಿ ಇವರನ್ನು ಸೇರಿಕೊಂಡಿದ್ದ. ತಾಯಿಯೇ ಕೈ ಹಿಡಿದು ಕರೆದುಕೊಂಡು ಹೋಗಿ ಒಪ್ಪಿಸಿದರು. ಬಸ್ಸು ಹತ್ತಿದ್ದನ್ನು ನೋಡಿದ್ದಾರೆ. ಆಮೇಲೆ ವವುನಿಯಾ ಹತ್ತಿರದ ಮೆನಿಕ್ ಫಾರ್ಮಿನಲ್ಲಿ, ತಂತಿಬೇಲಿಯೊಳಗೆ ಎರಡು ಲಕ್ಷಕ್ಕೂ ಹೆಚ್ಚು ಜನರ ಜೊತೆ ಇವರು. ಮಗ ಎಲ್ಲಿ ಎಂದು ಅಲ್ಲಿಂದಲೇ ಕೇಳಲು ಶುರು ಮಾಡಿದವರು ನಿಲ್ಲಿಸಿಲ್ಲ. ಕಿಳಿನೊಚ್ಚಿಯ ದೇವಸ್ಥಾನದ ಬಳಿ 2017ರ ಫೆಬ್ರವರಿ 20ರಂದು ಕಾಣೆಯಾದವರ ಮನೆಯವರು ಧರಣಿ ಕೂತಾಗ ಇವರೂ ಕೂತರು. ಸಾಲಾಗಿ ಕಟ್ಟಿದ ಫೋಟೋಗಳ ಕೆಳಗೆ ಕೂತಿದ್ದ ಎಷ್ಟೋ ತಾಯಂದಿರು ಈಗ ಇಲ್ಲ. 2022ರಲ್ಲಿ ಸರ್ಕಾರ ಕಾಣೆಯಾದ ಒಬ್ಬರಿಗೆ ಒಂದು ಲಕ್ಷ ರೂಪಾಯಿ ಕೊಡುತ್ತೇನೆಂದಿತು, ಅಲ್ಲಿಯ ರೂಪಾಯಿ ಪಾತಾಳಕ್ಕೆ ಬಿದ್ದ ವರ್ಷ. ಧರಣಿಯವರು ಬೇಡವೆಂದರು. ಅಕ್ಕನ ಕೈಚೀಲದಲ್ಲಿ ಆ ದಿನವೂ ಲೋನಿನ ಕಾರ್ಡುಗಳಿದ್ದವು, ಮೂರು ಕಂಪನಿಗಳವು. ವಾರಕ್ಕೊಮ್ಮೆ ಮೋಟಾರ್ ಸೈಕಲಿನಲ್ಲಿ ಹುಡುಗರು ವಸೂಲಿಗೆ ಬರುತ್ತಾರೆ.

ಯುದ್ಧದ ನಂತರ ಉತ್ತರದ ಹೆಂಗಸರಿಗೆ ಸಲೀಸಾಗಿ ಸಿಕ್ಕಿದ್ದು ಸಾಲ ಒಂದೇ. ಮನೆ ಸಿಗುವುದು ಕಷ್ಟವಾಯಿತು. ಭಾರತ ಸರ್ಕಾರ ಅಲ್ಲಿ ಕಟ್ಟಿಸಿದ ಸಾವಿರಾರು ಮನೆಗಳು ಚೆನ್ನಾಗಿವೆ, ರಸ್ತೆಯಿಂದಲೇ ಗುರುತು ಸಿಗುತ್ತವೆ. ಒಂದು ಮನೆಗೆ 5,50,000 ಲಂಕಾ ರೂಪಾಯಿ, ಕಂತು ಕಂತಾಗಿ. ಆದರೆ ಮನೆ ಕಟ್ಟಲು ನೆಲ ತಮ್ಮ ಹೆಸರಿನಲ್ಲಿರಬೇಕು. ಅಕ್ಕನ ಹೆಸರು ಪಟ್ಟಿಗೆ ಹೋಗಿ ಹಾಗೆಯೇ ಮರಳಿ ಬಂತು. ದೊಡ್ಡಪ್ಪನ ಸಂಸಾರವನ್ನು ಒಪ್ಪಂದ ಮಾಡಿ ಕರೆಸಿಕೊಂಡ ದೇಶ, ಚಿಕ್ಕಪ್ಪನ ಸಂಸಾರದ ಹತ್ತಿರ ಪತ್ರ ಕೇಳಿತು. ಇದನ್ನು ಅವರು ದೂರಾಗಿ ಹೇಳಲಿಲ್ಲ, ನಾನೇ ಕಟ್ಟಿಕೊಂಡ ಲೆಕ್ಕ ಇದು.

ಹೊರಡುವಾಗ ಸೊಸೆ ಕೆಲಸದಿಂದ ಬಂದಳು. ಖಾಕಿ ಬಣ್ಣದ ಅಂಗಿ. ಎಲ್ಲಿ ಕೆಲಸ ಎಂದೆ. ನಾಗರಿಕ ಭದ್ರತಾ ಇಲಾಖೆಯ ತೋಟದಲ್ಲಿ, ಎಂದರೆ ಸೈನ್ಯದವರ ಕೈಕೆಳಗೆ, ಗೋಡಂಬಿ ಗಿಡ ನೋಡಿಕೊಳ್ಳುವುದು. ಗಂಡನನ್ನು ಬಸ್ಸು ಹತ್ತಿಸಿಕೊಂಡು ಹೋದವರೇ ಈಗ ಸಂಬಳ ಕೊಡುತ್ತಾರೆ, ತಿಂಗಳ ಮೊದಲ ವಾರವೇ ಬ್ಯಾಂಕಿಗೆ ಬೀಳುತ್ತದೆ. ಆ ಊರಿನಲ್ಲಿ ಹಾಗೆ ತಪ್ಪದೆ ಬೀಳುವ ಸಂಬಳ ಇನ್ನೊಂದಿಲ್ಲ. ಅತ್ತೆ ಧರಣಿಗೆ ಹೋಗುವ ಬಸ್ ಚಾರ್ಜನ್ನು ಕೊಡುವವಳು ಅವಳೇ.

ಮುಳ್ಳಿವಾಯ್ಕಾಲಿಗೂ ಹೋದೆ. ಮರಳು, ಉಪ್ಪುಗಾಳಿ, ಅರ್ಧ ಹೂತ ಬಟ್ಟೆ ಚೂರುಗಳು. ಅದರ ಬಗ್ಗೆ ಬರೆಯುವ ಶಕ್ತಿ ನನಗಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಲ್ಲಿ ಉಪ್ಪು ಹಾಕಿದ ಅಕ್ಕಿ ಗಂಜಿ ಹಂಚುತ್ತಾರೆ, ಕೊನೆಯ ದಿನಗಳಲ್ಲಿ ಜನ ಉಂಡದ್ದು ಅದನ್ನೇ ಎಂದು. ಅದನ್ನು ಹಂಚಿದ್ದಕ್ಕೆ 2024ರಲ್ಲಿ ಪೂರ್ವದ ಸಂಪೂರಿನಲ್ಲಿ ಕೆಲವರನ್ನು ಬಂಧಿಸಿದರು.

ಮರಳುವಾಗ ಅನುರಾಧಪುರದಲ್ಲಿ ಇಳಿದೆ. ಬೋಧಿವೃಕ್ಷ ನೋಡಿದ ಮೇಲೆ ಆಟೊ ಚಾಲಕ, ತಮಿಳು ಬಲ್ಲ ಮುಸ್ಲಿಂ ಹುಡುಗ, ತನ್ನ ಗೆಳೆಯನ ಮನೆಗೆ ಕರೆದುಕೊಂಡು ಹೋದ. ಕೆರೆಯ ಕೆಳಗೆ ಒಣಗಿದ ಗದ್ದೆ, ಇಟ್ಟಿಗೆಯ ಮನೆ, ಮುಂದಿನ ಕೋಣೆಯಲ್ಲಿ ಸಮವಸ್ತ್ರದ ಫೋಟೋ. ಗೆಳೆಯನ ಬಲಗಾಲು 2006ರ ಅಕ್ಟೋಬರ್ 11ರಂದು ಮುಹಮಾಲೈಯಲ್ಲಿ ಹೋಯಿತು. ಅದು ಕೆಲವೇ ಗಂಟೆಗಳಲ್ಲಿ ನೂರಕ್ಕೂ ಹೆಚ್ಚು ಸೈನಿಕರು ಸತ್ತ ದಿನ. ನಾನು ಬಸ್ಸಿನಿಂದ ನೋಡಿದ ಆ ಬುರುಡೆ ಹಲಗೆಗಳ ನೆಲದಲ್ಲೇ ಅವನ ಪಾದ ಇದೆ.

ಅವನ ಅಮ್ಮ ಕಿರಿಬತ್ ತಂದಿಟ್ಟರು. ತೆಂಗಿನಹಾಲಿನಲ್ಲಿ ಬೆಂದ ಅನ್ನ, ವಜ್ರದಾಕಾರದ ತುಂಡುಗಳು, ಪಕ್ಕಕ್ಕೆ ಕೆಂಪಗೆ ಅರೆದ ಲುನುಮಿರಿಸ್. ಶುಭಕಾರ್ಯದ ಊಟ. ಯುದ್ಧ ಮುಗಿದ 2009ರ ಮೇ ತಿಂಗಳಲ್ಲಿ ದಕ್ಷಿಣದ ಬೀದಿ ಬೀದಿಯಲ್ಲಿ ಹಂಚಿದ್ದು ಇದನ್ನೇ. ನೀವೂ ಹಂಚಿದಿರಾ ಎಂದು ಕೇಳಿದೆ. "ಹಂಚಿದೆವು. ಇನ್ನು ನಮ್ಮ ಮಕ್ಕಳು ಹೋಗಬೇಕಿಲ್ಲ ಎಂದು ಹಂಚಿದೆವು." ಹುಡುಗ ಅನುವಾದಿಸುತ್ತಿದ್ದ. ಆ ಊರಿನಲ್ಲಿ ಮಳೆ ಸರಿಯಾಗಿ ಬರುವುದಿಲ್ಲ. 1977ರಲ್ಲಿ ಮಾರುಕಟ್ಟೆ ತೆರೆದ ಮೇಲೆ ಕೊಲಂಬೊದ ಸುತ್ತ ಹಣ ಹರಿಯಿತು, ಒಣಸೀಮೆಯ ಹಳ್ಳಿಗಳಿಗೆ ಸಿಕ್ಕಿದ್ದು ಎರಡು ದಾರಿ: ಹೆಣ್ಣುಮಕ್ಕಳಿಗೆ ಗಾರ್ಮೆಂಟ್ಸ್ ಅಥವಾ ಕೊಲ್ಲಿಯ ಮನೆಗೆಲಸ, ಗಂಡುಮಕ್ಕಳಿಗೆ ಸೈನ್ಯ. ಈ ಮನೆಯ ಇಟ್ಟಿಗೆಯೂ ಸೈನ್ಯದ ಸಾಲದಲ್ಲಿ ಬಂದದ್ದು. ಕೊಲಂಬೊದ ದೊಡ್ಡ ಶಾಲೆಗಳ ಹುಡುಗರು ಯಾರಾದರೂ ನಿನ್ನ ಪ್ಲಟೂನಿನಲ್ಲಿದ್ದರಾ ಎಂದು ಕೇಳಿದ್ದಕ್ಕೆ ಅವನು ಗಟ್ಟಿಯಾಗಿ ನಕ್ಕ. ಈರುಳ್ಳಿ ವ್ಯಾಪಾರಿ ನಕ್ಕದ್ದೂ ಹಾಗೆಯೇ.

ಕಿಳಿನೊಚ್ಚಿಯ ಅಕ್ಕನ ವಿಷಯ ಹೇಳಿದೆ. ಅವನು ಕೇಳಿಸಿಕೊಂಡ. "ನಮಗೆ ಹೇಳಿದ್ದನ್ನು ನಾವು ಮಾಡಿದೆವು" ಎಂದಷ್ಟೇ ಹೇಳಿ ಎದ್ದು, ಕೃತಕ ಕಾಲಿನ ಪಟ್ಟಿ ಬಿಗಿ ಮಾಡಿಕೊಂಡು, ನಾಯಿಗೆ ಅನ್ನ ಹಾಕಲು ಹೋದ. ನಾನು ಮತ್ತೆ ಕೆದಕಲಿಲ್ಲ. ಕೇಳಬೇಕಾದವರು ಅವನಿಗೆ ಆಜ್ಞೆ ಕೊಟ್ಟವರನ್ನು.

ಗೋಡೆಯ ಮೇಲೆ ಸಮವಸ್ತ್ರದ ಇನ್ನೊಂದು ಫೋಟೋ ಇತ್ತು. ತಮ್ಮನದು. ಅವನೂ ಸೈನ್ಯದಲ್ಲಿದ್ದ. ದಿವಾಳಿಯಾದ ಸರ್ಕಾರ 2023ರ ಜನವರಿಯಲ್ಲಿ ಸೇನೆಯನ್ನು ಎರಡು ಲಕ್ಷದಿಂದ ಮರುವರ್ಷಕ್ಕೆ 1,35,000ಕ್ಕೂ, 2030ಕ್ಕೆ ಒಂದು ಲಕ್ಷಕ್ಕೂ ಇಳಿಸುವುದಾಗಿ ಹೇಳಿತು. ತಮ್ಮ ಹೊರಬಂದ. ಬೆಲೆಯೆಲ್ಲ ಏರಿತ್ತು, ಗದ್ದೆಗೆ ಗೊಬ್ಬರವಿಲ್ಲ, ಸಾಲ ಹಾಗೆಯೇ ಇತ್ತು. ಏಜೆಂಟನೊಬ್ಬ ಬಂದು ರಷ್ಯಾದಲ್ಲಿ ಸೈನ್ಯದ ಅಡುಗೆಮನೆಯಲ್ಲಿ, ಉಗ್ರಾಣದಲ್ಲಿ ಕೆಲಸ ಇದೆ ಎಂದ. ಹೋದವನು ಉಕ್ರೇನಿನ ಕಂದಕದಲ್ಲಿದ್ದ. ಅವನಂಥ ನೂರಾರು ಮಾಜಿ ಸೈನಿಕರು ಹೋದರು. ಕನಿಷ್ಠ 16 ಮಂದಿ ಸತ್ತಿದ್ದಾರೆಂದು 2024ರ ಮೇ ತಿಂಗಳಲ್ಲಿ ಲಂಕೆಯ ಸರ್ಕಾರವೇ ಹೇಳಿತು. ಇವರ ಮಗನ ಫೋನು ಬಂದು ಬಹಳ ದಿನವಾಗಿತ್ತು. ಅಮ್ಮ ಸೆರಗಿನಂಚಿನಲ್ಲಿ ಫೋಟೋದ ಗಾಜು ಒರೆಸಿ ಜಾಗಕ್ಕಿಟ್ಟರು, ಆಮೇಲೆ ನಿಮ್ಮ ಇಂಡಿಯಾದಿಂದಲೂ ಹೋಗುತ್ತಾರಾ ಎಂದು ಕೇಳಿದರು.

ಹೋಗುತ್ತಾರೆ ಎಂದೆ. ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯ ಹುಡುಗರ ಕತೆ ಹೇಳಿದೆ. ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಅದೇ ಯುದ್ಧದಲ್ಲಿ ಸಿಕ್ಕಿಬಿದ್ದವರು, 2024ರಲ್ಲಿ ಊರಿಗೆ ಮರಳಿದರು.

"ಮರಳಿ ಬಂದರಾ?" ಎಂದು ಆಕೆ ಎರಡು ಸಲ ಕೇಳಿದರು. ನಾನು ಹೌದೆಂದೆ. ಹುಡುಗ ಅನುವಾದಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. ಆಮೇಲೆ ಮಗನ ಕಡೆ ತಿರುಗಿ ಏನೋ ಹೇಳಿದರು. ಹುಡುಗ ನನಗೆ ಅದನ್ನು ತಮಿಳಿಗೆ ತಿರುಗಿಸಿದ: "ಅವರಿಗೆ ಎಷ್ಟು ಸಂಬಳ ಹೇಳಿದ್ದರಂತೆ, ಕೇಳು."